ಇಪ್ಪತ್ತು ಹೆಜ್ಜೆ, ಒಂದು ಚೊಂಬು ನೀರು

ನಮ್ಮ ಡಾಕ್ಟರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಗಾಡಿಯ ಚಕ್ರಕ್ಕೆ ಸಿಕ್ಕಿ ಕಿತ್ತುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಉಗುರಿರಬೇಕಾದ ಜಾಗ ನುಣ್ಣಗೆ, ಕೆಂಪಗೆ, ಎಳೆಗೂಸಿನ ಅಂಗಾಲಿನ ಹಾಗಿತ್ತು. ಸೂಜಿ ಚುಚ್ಚಿಸಿಕೊಳ್ಳಲು ಬಂದ ಮಕ್ಕಳು ಆ ಬೆರಳನ್ನೇ ನೋಡುತ್ತಾ ಅಳುವುದನ್ನು ಮರೆಯುತ್ತಿದ್ದವು. ನೆನಪಾಗುವ ಹೊತ್ತಿಗೆ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. "ನನ್ನ ಎಲ್.ಎಂ.ಪಿ. ಡಾಕ್ಟರಿಕೆ ಸರ್ಟಿಫಿಕೇಟಿಗಿಂತ ಈ ಬೆರಳೇ ನನಗೆ ಹೆಚ್ಚು ಅನ್ನ ಹಾಕಿದೆ" ಎಂದು ನಗುತ್ತಿದ್ದರು. ಅವರು ನಗುವುದು ಅಪರೂಪ, ಬೈಯುವುದೇ ಹೆಚ್ಚು.

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಅವರ ದವಾಖಾನೆ. ನಾನು ಅರಕಲಗೂಡಿನವನು. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿ, ಹಾಸನದಲ್ಲಿ ಒಬ್ಬರ ಹತ್ತಿರ ಔಷಧಿ ಕಲೆಸುವುದನ್ನು ಕಲಿತು, ಮದುವೆಯಾಗಿ ಒಂದು ಮಗುವಿನ ತಂದೆಯೂ ಆದ ಮೇಲೆ ಅವರ ಬಳಿ ಕಾಂಪೌಂಡರಾಗಿ ಸೇರಿದೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೊದಲ ದಿನವೇ ಬೈಸಿಕೊಂಡೆ. ಒಬ್ಬ ರೋಗಿಯ ಹೆಸರಿನ ಮುಂದೆ 'ಜ್ವರ' ಎಂದು ಬರೆದಿದ್ದೆ.

"ಮುಟ್ಟಿ ನೋಡಿದೆಯಾ?"

"ಇಲ್ಲ ಸಾರ್. ಮುಖ ನೋಡಿದ್ರೇ ಗೊತ್ತಾಗುತ್ತಲ್ಲ."

"ಊಹೆಗೆ ಊಟ ಹಾಕಬೇಡ ಕಣಯ್ಯ. ಬೆಳೆದು ಮನೆ ಯಜಮಾನ ಆಗಿಬಿಡುತ್ತೆ. ನೋಡಿದ್ದನ್ನ ಬರಿ, ಅಂದ್ಕೊಂಡಿದ್ದನ್ನ ಬರೀಬೇಡ."

ಈ ಮಾತನ್ನು ಆಮೇಲೆ ನೂರು ಸಲ ಕೇಳಿದ್ದೇನೆ. ಅವರ ನಾಲಿಗೆಯ ಕೆಳಗೆ ಸದಾ ಒಂದು ಲವಂಗ. ಮಧ್ಯಾಹ್ನ ಒಂದು ಗಂಟೆಗೆ ನಿಂತುಕೊಂಡೇ ಮೊಸರವಲಕ್ಕಿ. ಬೆಂಗಳೂರಿನಿಂದ ಅಂಚೆಯಲ್ಲಿ ಬರುತ್ತಿದ್ದ ವೈದ್ಯಕೀಯ ಪತ್ರಿಕೆಗಳನ್ನು, ಒಂದು ಸಾಲೂ ತಪ್ಪಬಾರದೆಂದು ಸಾಲಿನ ಕೆಳಗೆ ಅಡಿಕೋಲಿಟ್ಟುಕೊಂಡು ಓದುತ್ತಿದ್ದರು. ಅದರಲ್ಲೂ ನಡುಕದ ಕಾಯಿಲೆಯ ವಿಷಯ ಬಂದರೆ ಹೊರಗೆ ಕೂತ ರೋಗಿಗಳು ಅರ್ಧ ಗಂಟೆ ಕಾಯಬೇಕಿತ್ತು.

ಅದಕ್ಕೆ ಕಾರಣವಿತ್ತು. ಅವರ ತಂದೆ ಚನ್ನರಾಯಪಟ್ಟಣದಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಒಂದು ವರ್ಷ ಅವರ ಬಲಗೈ ಸುಮ್ಮನೆ ಕೂತಾಗಲೂ ನಡುಗತೊಡಗಿತು. ಬೋರ್ಡಿನ ಮೇಲಿನ ಅಕ್ಷರ ದಿನದಿನಕ್ಕೆ ಸಣ್ಣದಾಗುತ್ತಾ ಹೋಗಿ ಸಾಸಿವೆಯಷ್ಟಾಯಿತು. ಹುಡುಗರು ನಕ್ಕರು. ಊರವರು ಮೊದಲು ಹೆದರಿಕೆ ಎಂದರು, ಆಮೇಲೆ ಮಾಟ ಎಂದರು, ಕೊನೆಗೆ ಕದ್ದು ಕುಡಿಯುತ್ತಾರೆ ಎಂದರು. ಹತ್ತು ವರ್ಷ ಮಂಚದ ಮೇಲೆ ಕೊರಡಿನ ಹಾಗೆ ಬಿದ್ದಿದ್ದು ತೀರಿಕೊಂಡರು. ಅದಾಗಿ ಆರು ತಿಂಗಳಿಗೆ, ಡಾಕ್ಟರಿಕೆ ಓದುತ್ತಿದ್ದ ಮಗ ಪುಸ್ತಕದಲ್ಲಿ ಪಾರ್ಕಿನ್ಸನ್ ಕಾಯಿಲೆಯ ಪುಟ ತೆರೆದರು. "ಆ ಪುಟದಲ್ಲಿ ನಮ್ಮಪ್ಪ ಕೂತಿದ್ರು ಕಣಯ್ಯ. ಅವರು ಕುಡುಕರಲ್ಲ ಅಂತ ನನಗೆ ಪುಸ್ತಕ ಹೇಳಬೇಕಾಯ್ತು. ನಾನೂ ಒಂದು ದಿನ ಅವರ ಬಾಯಿ ಮೂಸಿ ನೋಡಿದ್ದೆ" ಎಂದು ಒಮ್ಮೆ ಹೇಳಿ, ತಕ್ಷಣ ನನ್ನನ್ನು ಸೀಸೆ ತೊಳೆಯಲು ಕಳಿಸಿದರು.

ಹೀಗಾಗಿ ಎಲ್ಲಿ ಯಾರ ಕೈ ನಡುಗಿದರೂ ಡಾಕ್ಟರಿಗೆ ಸುದ್ದಿ ಬೇಕು. ಶಾಂತಿಗ್ರಾಮದ ಕಡೆಯ ಬಸ್ ಕಂಡಕ್ಟರು ಹೇಳುತ್ತಿದ್ದರು, ಸಂತೆಗೆ ಬಂದವರು ಹೇಳುತ್ತಿದ್ದರು. ರುದ್ರಪಟ್ಟಣದಲ್ಲಿ ಒಬ್ಬ ಪಿಟೀಲು ವಿದ್ವಾಂಸರು ಕಮಾನು ಕೆಳಗಿಟ್ಟು ಎರಡು ವರ್ಷವಾಯಿತೆಂದು ಕೇಳಿ ಬಸ್ಸು ಹಿಡಿದು ಹೋಗಿ ಕರೆತಂದರು. ಮೂರು ವರ್ಷ ಹುಡುಕಿ, ಮುದಿತನದ ನಡುಕ, ಕುಡಿತದ ನಡುಕ ಎಲ್ಲ ಬೇರೆ ಮಾಡಿ, ಕಡೆಗೆ ಇದೇ ಕಾಯಿಲೆ ಎಂದು ಖಚಿತವಾದ ಆರು ಜನ ಉಳಿದರು.

ಆ ಆರು ಜನರಲ್ಲಿ ಇಬ್ಬರು ಒಂದೇ ಊರಿನವರು. ಹೊಳೆಯಾಚೆಯ ಒಂದು ಹಳ್ಳಿಯ ಗೌಡರು; ಮತ್ತು ಅದೇ ಊರಾಚೆಯ ಕೇರಿಯಲ್ಲಿದ್ದು, ಅವರ ಗದ್ದೆಯಲ್ಲೇ ಕೂಲಿ ಮಾಡಿಕೊಂಡಿದ್ದ ಒಬ್ಬ ಹೆಂಗಸು. ಐವತ್ತು ದಾಟಿರಬೇಕು. ನಾನು ಅವ್ವ ಎನ್ನುತ್ತಿದ್ದೆ. ಇಬ್ಬರೂ ಸಂತೆಯ ದಿನ ಬರುತ್ತಿದ್ದರು. ಗೌಡರು ಬೆಂಚಿನ ಮೇಲೆ, ಅವ್ವ ಜಗಲಿಯ ಕೆಳಗೆ. ಡಾಕ್ಟರು ಬೈದು ಅವಳನ್ನು ಬೆಂಚಿಗೆ ಕೂರಿಸಿದರೆ ಅವರು ಒಳಗೆ ಹೋದೊಡನೆ ಮತ್ತೆ ಕೆಳಗಿಳಿಯುತ್ತಿದ್ದಳು.

ಬೆಂಗಳೂರಿನ ಒಬ್ಬ ಪ್ರೊಫೆಸರಿಗೆ ಡಾಕ್ಟರು ಕಾಗದ ಬರೆದು ಬರೆದು, ಕಡೆಗೊಮ್ಮೆ ಅವರು ಪರದೇಶದ ಹೊಸ ಗುಳಿಗೆಯ ಎರಡು ದೊಡ್ಡ ಸೀಸೆ ಕಳಿಸಿದರು. ಕಾಯಿಲೆ ವಾಸಿಯಾಗುವ ಔಷಧಿಯಲ್ಲ, ಕೈಕಾಲಿನ ಬಿಗಿ ಸ್ವಲ್ಪ ಸಡಿಲವಾದೀತು, ಪರೀಕ್ಷಿಸಿ ವರದಿ ಕಳಿಸಿ ಎಂದು ಜೊತೆಯ ಕಾಗದದಲ್ಲಿತ್ತು. ಆ ದಿನ ಡಾಕ್ಟರು ಯಾರನ್ನೂ ಬೈಯಲಿಲ್ಲ.

ಸಂಜೆ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಆರು ಜನರಲ್ಲಿ ಮೂವರಿಗೆ ಗುಳಿಗೆಯ ಪುಡಿ, ಮೂವರಿಗೆ ಬರೀ ಸಕ್ಕರೆ ಪುಡಿ. ರುಚಿಯಲ್ಲಿ ಗೊತ್ತಾಗದಂತೆ ಎರಡಕ್ಕೂ ಒಂದಿಷ್ಟು ನೆಲಬೇವಿನ ಕಹಿ. ಒಂದೇ ತರಹದ ಕಾಗದದ ಪೊಟ್ಟಣ, ದಿನಕ್ಕೆರಡು. ಯಾರಿಗೆ ಯಾವುದೆಂದು ನಾನು ಚೀಟಿ ಎತ್ತಿ ನಿರ್ಧರಿಸಬೇಕು. ಬರೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು.

"ನನಗೂ ಹೇಳಬೇಡ. ನಾನೇ ಕೇಳಿದರೂ ಹೇಳಬೇಡ. ಗೊತ್ತಾದರೆ ನನ್ನ ಕಣ್ಣೇ ನನಗೆ ಸುಳ್ಳು ಹೇಳುತ್ತೆ."

"ಸಕ್ಕರೆ ಬಿದ್ದವರ ಗತಿ ಸಾರ್?"

"ಮೂರು ತಿಂಗಳಿಗೆ ಅದಲುಬದಲು. ಅವರಿಗೆ ಇದು, ಇವರಿಗೆ ಅದು. ಯಾರಿಗೂ ಮೋಸ ಇಲ್ಲ."

"ಇದನ್ನ ಅವರಿಗೆ ಹೇಳೋಣವಾ?"

"ಹೇಳಿದರೆ ಕೆಟ್ಟಿತು. ಸಕ್ಕರೆ ಇರಬಹುದು ಅಂತ ಅನುಮಾನ ಬಂದರೆ ಗುಣ ಆದವನೂ ಆಗಿಲ್ಲ ಅಂತಾನೆ. ಆರು ತಿಂಗಳು ಬಾಯಿಗೆ ಹೊಲಿಗೆ ಹಾಕ್ಕೋ."

ನಾನು ಚೀಟಿ ಎತ್ತಿದೆ. ಅವ್ವನಿಗೆ ಔಷಧಿ ಬಂತು, ಗೌಡರಿಗೆ ಸಕ್ಕರೆ.

ಗುಣ ಅಳೆಯಲು ಡಾಕ್ಟರು ತಾವೇ ಒಂದು ಉಪಾಯ ಮಾಡಿದ್ದರು. ಹಿತ್ತಿಲ ಅಂಗಳದಲ್ಲಿ ಇಪ್ಪತ್ತು ಹೆಜ್ಜೆಗೆ ಎರಡು ಗೂಟ. ಕಂಠಮಟ್ಟ ನೀರು ತುಂಬಿದ ಚೊಂಬನ್ನು ಹಿಡಿದು ಈ ಗೂಟದಿಂದ ಆ ಗೂಟಕ್ಕೆ ನಡೆಯಬೇಕು. ತಲುಪಿದ ಮೇಲೆ ಉಳಿದ ನೀರನ್ನು ನಾನು ಔಷಧಿಯ ಅಳತೆ ಗಾಜಿಗೆ ಸುರಿದು ಬರೆದುಕೊಳ್ಳುವುದು. ಗೌಡರು ಮೊದಲ ದಿನವೇ ತಕರಾರು ತೆಗೆದರು. ಅವ್ವ ಮುಟ್ಟಿದ ಚೊಂಬನ್ನು ಅವರು ಮುಟ್ಟುವುದಿಲ್ಲ. ಡಾಕ್ಟರು ಕೂಗಾಡಿದರು. ಮುಂದಿನ ಸಂತೆಗೆ ಗೌಡರು ತಮ್ಮ ಮನೆಯ ಹಿತ್ತಾಳೆ ಚೊಂಬನ್ನು ಪಂಚೆಯಲ್ಲಿ ಸುತ್ತಿಕೊಂಡು ಬಂದರು. ಅಳತೆ ಸರಿಹೊಂದುತ್ತದೆ ಎಂದು ನೋಡಿಕೊಂಡು ಡಾಕ್ಟರು ಸುಮ್ಮನಾದರು. ಅವರಿಗೆ ಪ್ರಯೋಗ ನಡೆಯುವುದು ಮುಖ್ಯವಾಗಿತ್ತು.

ಮೂರನೆಯ ವಾರಕ್ಕೆ ಅವ್ವನ ಚೊಂಬಿನ ನೀರು ಚೆಲ್ಲುವುದು ಅರ್ಧಕ್ಕರ್ಧ ಕಡಿಮೆಯಾಯಿತು. ನಾಲ್ಕನೆಯ ವಾರ ಆ ಗೂಟ ಮುಟ್ಟಿ ನಿಂತು ಚೊಂಬಿನೊಳಗೆ ಇಣುಕಿ, "ಅಯ್ ಸಿವನೆ, ನೀರು ನಿಂತ್ಬುಡ್ತಲ್ಲಪ್ಪ!" ಎಂದಳು. ಒಂದು ವರ್ಷದಿಂದ ಮಗಳೇ ತುರುಬು ಕಟ್ಟಬೇಕಿತ್ತಂತೆ. ಆ ವಾರ ತಾನೇ ಕಟ್ಟಿಕೊಂಡು ಬಂದಿದ್ದಳು. ಓರೆಯಾಗಿತ್ತು. ಅದನ್ನು ತಿರುಗಿ ತಿರುಗಿ ನಮಗೆ ತೋರಿಸಿದಳು. ಬೆಂಚಿನ ಮೇಲಿದ್ದ ಗೌಡರು ಅದನ್ನೇ ನೋಡುತ್ತಿದ್ದರು.

ಆರನೆಯ ವಾರದ ಹೊತ್ತಿಗೆ ಲೆಕ್ಕ ತಲೆಕೆಳಗಾಯಿತು. ಅವ್ವನ ನೀರು ಮತ್ತೆ ಚೆಲ್ಲತೊಡಗಿತು. ಗೌಡರದು ನಿಂತಿತು. "ಪರವಾಗಿಲ್ಲ ಸಾ, ಕಾಲು ಅಗುರಾಗದೆ. ಬಾಯೊಂದು ಒಣಗ್ತದೆ, ನಾಲ್ಗೆ ಅಂಟ್ಕತದೆ" ಎಂದರು ಗೌಡರು. ಬಾಯಿ ಒಣಗುವುದು ಆ ಗುಳಿಗೆಯ ಗುಣ. ಸಕ್ಕರೆಗೆ ಯಾರ ಬಾಯೂ ಒಣಗುವುದಿಲ್ಲ. ಪೊಟ್ಟಣ ಕಟ್ಟುವಾಗ ನಾನೇ ಅದಲುಬದಲು ಮಾಡಿಬಿಟ್ಟೆನೇ? ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಎರಡನೆಯ ಕೂಸು. ಹೇಳಬೇಡವೆಂಬ ಆಜ್ಞೆ ಹೇಗೂ ಇತ್ತು. ಅದರ ಮರೆಯಲ್ಲಿ ನಿಂತುಬಿಟ್ಟೆ. ಡಾಕ್ಟರು ಒಮ್ಮೆ ತಲೆಯೆತ್ತಿ, ಮತ್ತೆ ಬಗ್ಗಿ ಬರೆಯತೊಡಗಿದರು.

ಮೂರು ತಿಂಗಳಾಯಿತು. ಹೇಳಿದ ಹಾಗೆ ಬದಲಾಯಿಸಿದೆ. ಗೌಡರಿಗೆ ಈಗ ಔಷಧಿ, ಅವ್ವನಿಗೆ ಸಕ್ಕರೆ. ಗೌಡರು ಒಂದು ಹನಿ ಚೆಲ್ಲದೆ ನಡೆದರು. ಅವ್ವ ಎರಡನೆಯ ವಾರ ದವಾಖಾನೆಯ ಹೊಸಿಲಲ್ಲೇ ನಿಂತುಬಿಟ್ಟಳು. ಕಾಲು ಮುಂದೆ ಬರುತ್ತಿಲ್ಲ, ಹಿಂದೆ ಹೋಗುತ್ತಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿಲ್ಲ; ಕಣ್ಣು ಮಾತ್ರ ನನ್ನನ್ನು ನೋಡುತ್ತಿತ್ತು. "ಕಾಲು ಮಾತ್ ಕೇಳಾಕಿಲ್ಲ ಕಣ್ ಮಗಾ" ಎಂದಳು. ನಾನು ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡೆ. ಆ ದಿನ ಚೊಂಬು ಮೂರನೆಯ ಹೆಜ್ಜೆಗೆ ಬಿತ್ತು. ಅವಳ ಹೆಸರಿನ ಮುಂದೆ ಸೊನ್ನೆ ಬರೆದು, ಮುಂದಿನ ವಾರದ ಸಕ್ಕರೆ ಪೊಟ್ಟಣಗಳನ್ನು ನನ್ನ ಕೈಯಾರೆ ಅವಳ ಸೆರಗಿಗೆ ಕಟ್ಟಿ ಕಳಿಸಿದೆ.

ನಾಲ್ಕು ದಿನಕ್ಕೆ ಅವ್ವ ಸತ್ತ ಸುದ್ದಿ ಬಂತು. ಬೆಳಿಗ್ಗೆ ಹುಲ್ಲು ಕೊಯ್ಯಲು ನಾಲೆಯ ಏರಿಯ ಮೇಲೆ ಹೋಗಿದ್ದಾಳೆ. ಕಾಲು ಕಟ್ಟಿದಂತಾಗಿ ಬೋರಲು ಬಿದ್ದಿದ್ದಾಳೆ. ಮೊಣಕಾಲುದ್ದದ ನೀರು. ಯಾರಾದರೂ ಎದ್ದು ಕೂರಬಹುದಾದ ನೀರು. ಅವಳಿಗೆ ಮಗ್ಗುಲು ಬದಲಾಯಿಸಲಾಗಲಿಲ್ಲ.

ಮುಂದಿನ ಸಂತೆಗೆ ಗೌಡರೊಬ್ಬರೇ ಬಂದರು. ದೂರದಿಂದಲೇ ನಡಿಗೆ ಚೆನ್ನಾಗಿ ಕಾಣುತ್ತಿತ್ತು. ಬೆಂಚಿನ ಮೇಲೆ ಕೂತು, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಪಾಪ, ಅವ್ಳು ಓಗ್ಬುಟ್ಲಲ್ಲ ಸಾ. ಅವ್ಳ ಪೊಟ್ಣ ಇನ್ಯಾರ್ಗೆ? ನಂಗೇ ಕೊಟ್ಬುಡಿ."

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಹಾಗೇ ಹಿಡಿದರು. "ಅವಳದು ನಿಮಗ್ಯಾಕೆ ಗೌಡರೇ?"

"ದಿನಾ ಒಂದ್ನ ನಂಗೇ ಕೊಡ್ತಿದ್ಲಲ್ಲ. ನೀವ್ ಕೊಟ್ಟಿದ್ದು ನಂಗೆ ಇಡೀನಿಲ್ಲ, ಅವ್ಳ್ದು ಇಡೀತು."

"ಯಾವಾಗಿನಿಂದ?"

"ನಾಟಿ ಟೇಮಿಂದ, ಅವ್ಳು ತುರ್ಬು ಕಟ್ಕಂಡ್ ಬಂದ್ಲಲ್ಲ ಆಗ್ನಿಂದ."

"ಅವಳಾಗೇ ಕೊಟ್ಟಳಾ?"

"ಕೇಳ್ದೆ, ಕೊಟ್ಲು. ಇಲ್ಲ ಅಂತಾಳಾ?"

ಆ ಮಾತಿನಲ್ಲಿ ಗದರಿಕೆಯಾಗಲಿ ಕಪಟವಾಗಲಿ ಇರಲಿಲ್ಲ. ಅದು ನನಗೆ ಇವತ್ತಿಗೂ ಭಯ ಹುಟ್ಟಿಸುತ್ತದೆ. ತಲೆಮಾರುಗಳಿಂದ ಅವರು ಕೇಳಿದ್ದಾರೆ, ಇವರು ಕೊಟ್ಟಿದ್ದಾರೆ. ಗದ್ದೆಗೆ ಬಾ ಎಂದರೆ ಹೋಗುವುದು, ಪೊಟ್ಟಣ ಕೊಡು ಎಂದರೆ ಕೊಡುವುದು.

"ಅವಳು ಮುಟ್ಟಿದ ಚೊಂಬು ಮುಟ್ಟದವರು ನೀವು" ಎಂದರು ಡಾಕ್ಟರು.

"ಔಸ್ತಿಗೆ ಮೈಲ್ಗೆ ಇಲ್ಲ ಸಾ."

ಡಾಕ್ಟರು ನನ್ನ ಕಡೆ ತಿರುಗಿ, "ಈಗ ಹೇಳು" ಎಂದರು. ನಾನು ಪೆಟ್ಟಿಗೆಯ ಬೀಗ ತೆಗೆದು ಚೀಟಿ ಓದಿದೆ. ಮೊದಲ ಮೂರು ತಿಂಗಳು ಅವ್ವನಿಗೆ ಔಷಧಿ, ಗೌಡರಿಗೆ ಸಕ್ಕರೆ. ಈಗ ಗೌಡರಿಗೆ ಔಷಧಿ, ಅವ್ವನಿಗೆ ಸಕ್ಕರೆ. ಗೌಡರು ಅದನ್ನು ಎರಡು ಸಲ ಓದಿಸಿದರು. ಅರ್ಥವಾಗಲು ಹೊತ್ತು ಹಿಡಿಯಿತು.

"ಅಂಗಾರೆ ಈಗ ನಂಗೆ ಇಡ್ದಿರೋದು ನಂದೇಯಾ?"

"ನಿಮ್ಮದೇ."

"ಅವ್ಳತ್ರ ಈಸ್ಕೊತಿದ್ದಿದ್ದು?"

"ಈ ಮೂರು ವಾರ ಬರೀ ಸಕ್ಕರೆ. ಅವಳು ತಿಂತಿದ್ದಿದ್ದೂ ಅದೇ."

ಗೌಡರು ಬೆರಳು ಮಡಚಿ ತಿಂಗಳು ಎಣಿಸಿದರು. ಆಮೇಲೆ ಕೇಳಿದರು, "ಮೂರ್ ತಿಂಗ್ಳು ಕಾದಿದ್ರೆ ಅವ್ಳ್ದು ಈಸ್ಕೊಳ್ದೇನೆ ನಂಗೂ ಬತ್ತಿತ್ತಾ?"

"ಬರ್ತಿತ್ತು."

"ಒಂದ್ ಮಾತು ಯೋಳ್ಬಾರ್ದಾಗಿತ್ತಾ ಸಾ?"

ಗೌಡರು ಎದ್ದು ಹೋದರು, ಪೊಟ್ಟಣ ತೆಗೆದುಕೊಳ್ಳಲಿಲ್ಲ. ಅವರನ್ನು ಕೆಟ್ಟವರೆಂದು ಬರೆಯಲು ನನಗೆ ಕೈ ಬರುವುದಿಲ್ಲ. ಕೆಟ್ಟವರಲ್ಲ ಎಂದು ಬರೆಯಲೂ ಬರುವುದಿಲ್ಲ.

ಮಾರನೆಯ ದಿನ ಡಾಕ್ಟರು ದವಾಖಾನೆಗೆ ಬಾಗಿಲು ಹಾಕಿ, ನನ್ನನ್ನು ಕರೆದುಕೊಂಡು ಹೊಳೆ ದಾಟಿ ಆ ಕೇರಿಗೆ ಹೋದರು. ಅವ್ವನ ಮಗಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಡಾಕ್ಟರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಸಕ್ಕರೆ, ಚೀಟಿ, ಮೂರು ತಿಂಗಳು, ಯಾವುದನ್ನೂ ಬಿಡಲಿಲ್ಲ. ಅವಳು ಮೊರ ಕೆಳಗಿಟ್ಟು ಕೇಳಿಸಿಕೊಂಡಳು.

"ಅವ್ವ ನನ್ನ ಹತ್ತಿರ ಯಾಕೆ ಹೇಳಲಿಲ್ಲಮ್ಮ?" ಎಂದು ಕೇಳಿದರು.

"ಯೋಳಿದ್ರೆ ಇಬ್ರಿಗೂ ನಿಲ್ಲಿಸ್ಬುಡ್ತಾರೆ ಅಂತಿದ್ಲು. ಗೌಡ್ರುಗೆ ನಿಂತ್ರೆ ನಮ್ ಮೇಲೆ ಬತ್ತದೆ ಅಂತಿದ್ಲು." ಮೊರವನ್ನು ಮತ್ತೆ ಕೈಗೆತ್ತಿಕೊಂಡು, ದನಿ ಏರಿಸದೆ ಅಂದಳು, "ನೀವು ಕೇಳಿದ್ರೆ ಯೋಳೋಳು ಸಾ. ನಿಮ್ಗೆ ಸುಳ್ಳು ಯೋಳ್ತಿರ್ನಿಲ್ಲ. ವಾರ ವಾರ ನೀರು ಅಳೆದ್ರಿ. ಔಸ್ತಿ ನುಂಗ್ದಾ ಅಂತ ಒಂದ್ ದಿನ ಕೇಳ್ನಿಲ್ಲ."

ವಾಪಸು ಬರುವಾಗ ಅದೇ ನಾಲೆಯ ಏರಿ. ಡಾಕ್ಟರು ಒಂದು ಕಡೆ ನಿಂತು ನೀರು ನೋಡಿದರು. ನನಗೆ ತಡೆಯಲಾಗಲಿಲ್ಲ. "ಸಾರ್, ಗೌಡರು ಬಾಯಿ ಒಣಗುತ್ತೆ ಅಂದಾಗಲೇ ಪೊಟ್ಟಣ ಅದಲುಬದಲಾಗಿದೆ ಅಂತ ನನಗೆ ಗೊತ್ತಾಯ್ತು. ನಂದೇ ಕೈತಪ್ಪು ಅಂತ ಹೆದರಿ ಸುಮ್ಮನಿದ್ದೆ. ಅವಳನ್ನ ಕೊಂದವನು ನಾನು" ಎಂದು ಅತ್ತುಬಿಟ್ಟೆ.

ಅವರು ನನ್ನನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆವತ್ತು ನಾನು ತಲೆ ಎತ್ತಿದೆ, ನೋಡಿದೆಯಾ? ನಿನ್ನ ಮುಖ ನೋಡಿದೆ. ಏನೋ ಕೆಟ್ಟಿದೆ ಅಂತ ಮುಖದಲ್ಲೇ ಬರೆದಿತ್ತು. ಕೇಳಿದರೆ ನನ್ನ ಪ್ರಯೋಗ ಹಾಳಾಗುತ್ತೆ ಅಂತ ತಲೆ ಬಗ್ಗಿಸಿದೆ. ನಿನ್ನ ನಾಲಿಗೆ ಕಟ್ಟಿದವನೂ ನಾನೇ, ನನ್ನ ಕಣ್ಣು ಮುಚ್ಚಿಕೊಂಡವನೂ ನಾನೇ. ನೀನು ಅಳಬೇಡ, ನಡಿ."

ಉಳಿದ ನಾಲ್ವರಿಗೆ ಆ ವಾರವೇ ನಿಜ ಹೇಳಿದರು. ಇದ್ದ ಗುಳಿಗೆಗಳನ್ನು ಐದು ಜನರಿಗೂ ಹಂಚಿದರು. ಗೌಡರ ಪಾಲನ್ನು ಮನೆಗೇ ಕಳಿಸಿದರು. ಪ್ರೊಫೆಸರಿಗೆ ನಡೆದದ್ದನ್ನು ನಡೆದ ಹಾಗೆ ಬರೆದರು. ಅಲ್ಲಿಂದ ಮೃದುವಾದ ಉತ್ತರ ಬಂತು: ದುಃಖಕರ ಸಂಗತಿ, ಆದರೆ ಆ ಇಬ್ಬರನ್ನು ಬಿಟ್ಟು ಉಳಿದ ನಾಲ್ವರ ಫಲಿತಾಂಶ ಉಪಯುಕ್ತವಾಗಿದೆ, ಅಷ್ಟನ್ನೇ ಬರೆದು ಕಳಿಸಿ, ನಿಮ್ಮ ಹೆಸರಿನಲ್ಲಿ ಅಚ್ಚು ಮಾಡಿಸುತ್ತೇನೆ. ಹೆಸರು ಅಚ್ಚಾಗುವುದು ಡಾಕ್ಟರಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತು. ಚನ್ನರಾಯಪಟ್ಟಣದ ಆ ಮೇಷ್ಟ್ರ ಮಗ ಇದೇ ಕಾಯಿಲೆಯ ಬಗ್ಗೆ ಹೊಸದೊಂದನ್ನು ಕಂಡನೆಂದು ಒಂದೇ ಒಂದು ಪುಟದಲ್ಲಿ ಬರಲಿ ಎಂದು ಅವರು ಇಪ್ಪತ್ತು ವರ್ಷ ಕಾದಿದ್ದರು. ವರದಿಯನ್ನು ಬರೆದರು. ಅದರ ಮೊದಲ ಸಾಲು ಹೀಗಿತ್ತು: 'ಈ ಪ್ರಯೋಗದಲ್ಲಿ ಒಬ್ಬ ಹೆಂಗಸು ಸತ್ತಿದ್ದಾಳೆ, ತಾನು ಪ್ರಯೋಗದಲ್ಲಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.' ಪ್ರೊಫೆಸರಿಂದ ಮತ್ತೆ ಕಾಗದ ಬರಲಿಲ್ಲ. ವರದಿ ಎಲ್ಲೂ ಅಚ್ಚಾಗಲಿಲ್ಲ.

ಆಮೇಲೆ ಅವರು ಬದುಕಿದ್ದು ಆರೇಳು ವರ್ಷ. ಪತ್ರಿಕೆ ತರಿಸುವುದನ್ನು ನಿಲ್ಲಿಸಿದರು. ನೆಗಡಿಗೆ ಬಂದವರಿಗೂ ಪುಡಿಯಲ್ಲಿ ಏನಿದೆ, ಎಷ್ಟಿದೆ, ಇದರಿಂದ ಏನಾಗುತ್ತೆ, ಏನಾಗೋದಿಲ್ಲ ಎಂದು ಕಾಲು ಗಂಟೆ ಹೇಳತೊಡಗಿದರು. ಹಳ್ಳಿಯವರು ಕಾದು ಬೇಸತ್ತು, "ಡಾಕ್ಟ್ರು ಪುರಾಣ ಮಡಗವ್ರೆ" ಎಂದು ಬೇರೆ ದವಾಖಾನೆಗೆ ಹೋದರು. ಅದಕ್ಕೂ ಅವರು ಬೇಸರಪಡಲಿಲ್ಲ. "ಔಷಧಿ ಯಾರು ನುಂಗ್ತಾ ಇದೀರಿ?" ಎಂದು ಪ್ರತಿಯೊಬ್ಬರನ್ನೂ ಕೇಳುವರು. ಕೇಳಿದವರು ಇದೆಂಥ ಪ್ರಶ್ನೆ ಎಂದು ನಗುವರು.

ಅರವತ್ತರ ದಶಕದ ಕೊನೆಯಲ್ಲಿ ಅವರ ಹೊಟ್ಟೆಯಲ್ಲಿ ಗೆಡ್ಡೆಯಾಯಿತು. ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಮಕ್ಕಳಿರಲಿಲ್ಲ, ಹೆಂಡತಿ ಮೊದಲೇ ತೀರಿಕೊಂಡಿದ್ದರು. ನಾನೇ ಜೊತೆಗಿದ್ದೆ. ದಿನಕ್ಕೆರಡು ಸಲ ಸೂಜಿ ಕೊಡುತ್ತಿದ್ದರು. ಏನದು ಎಂದು ಇವರು ಕೇಳಿದರೆ, ಚಿಕ್ಕ ವಯಸ್ಸಿನ ಡಾಕ್ಟರು ನಗುತ್ತಾ, "ಒಳ್ಳೇದಕ್ಕೇ ಸಾರ್, ಬೇಗ ಹುಷಾರಾಗ್ತೀರಿ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರು ನನ್ನನ್ನು ಹತ್ತಿರ ಕರೆದು, "ಏನು ಕೊಡ್ತಿದಾರೆ, ಹೋಗಿ ಕೇಳು" ಎಂದರು. ಹೋಗಿ ಕೇಳಿದೆ. ಚಿಕ್ಕ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಗೆಡ್ಡೆ ಎಲ್ಲ ಕಡೆ ಹರಡಿದೆ, ಇನ್ನು ಮಾಡುವುದೇನೂ ಇಲ್ಲ, ನೋವು ಗೊತ್ತಾಗದಿರಲೆಂದು ಮಾತ್ರ ಆ ಸೂಜಿ ಎಂದರು. ನನ್ನ ಭುಜದ ಮೇಲೆ ಕೈಯಿಟ್ಟು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ಅವರಿಗೆ ಮಾತ್ರ ಹೇಳಬೇಡಿ."

ಮಂಚದ ಹತ್ತಿರ ಬಂದು ನಿಂತೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಈ ಸಲ ತಲೆ ಬಗ್ಗಿಸಲಿಲ್ಲ.

"ಹೇಳಬೇಡ ಅಂದ್ರು ಸಾರ್" ಎಂದೆ. "ಅದು ವಾಸಿಯಾಗೋಕಲ್ಲ. ನೋವಿಗೆ ಮಾತ್ರ. ಇನ್ನು ಹೆಚ್ಚು ದಿನ ಇಲ್ಲವಂತೆ."

ಅವರು ಕಣ್ಣು ಮುಚ್ಚಿ ತೆರೆದರು. "ಹೇಳಿದೆಯಲ್ಲ" ಎಂದರು. ನನ್ನ ಕೈ ಹಿಡಿದುಕೊಂಡು, ಇನ್ನೂ ಸಣ್ಣ ದನಿಯಲ್ಲಿ, "ಅವ್ವನಿಗೂ ನಾನು ಹೇಳಬೇಕಾಗಿತ್ತು ಕಣಯ್ಯ" ಎಂದರು. ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡರು.